ಬಿಳಿ ಉಣ್ಣೆಯ ಗದ್ದುಗೆ

ಶಿರೀಷಾ ಮೇಡಂ ಬ್ಲೇಡಿನಿಂದ ಉಣ್ಣೆಯ ಹಳದಿ ಉಂಡೆಯನ್ನು ನಡುವೆ ಸೀಳಿ ಮೇಜಿನ ಮೇಲಿಟ್ಟಳು. ಹೊರಗೆ ತೆಳ್ಳನೆಯ ಹಳದಿ ಸಿಪ್ಪೆ. ಒಳಗೆಲ್ಲ ಕಪ್ಪು.

“ಇದೇಮಿಟಿ ಕೃಷ್ಣವೇಣಿ?” ಇದೇನಿದು ಎಂದು ತೆಲುಗಿನಲ್ಲಿ ಕೇಳಿದಳು.

ಕೃಷ್ಣವೇಣಿ ಹೋಳುಗಳನ್ನು ನೋಡಿದಳು. ಶಿರೀಷಾ ಅವಳು ತಂದಿದ್ದ ಅದೇ ಚೀಲದಿಂದ ಇನ್ನೊಂದು ಉಂಡೆ ತೆಗೆದು ಸೀಳಿದಳು, ಮತ್ತೊಂದನ್ನೂ ಸೀಳಿದಳು. ಎಲ್ಲದರೊಳಗೂ ಊರ ಕುರಿಯ ಒರಟು ಕರಿ ಉಣ್ಣೆ.

ಅದು ಎರಡು ಸಾವಿರದ ಆರನೇ ಇಸವಿ. ಹಿಂದೂಪುರದಲ್ಲಿ ಶಿರೀಷಾ ನಡೆಸುತ್ತಿದ್ದ ಆ ಶೆಡ್ಡಿನಲ್ಲಿ ರೊದ್ದಂ, ಸೋಮಂದೇಪಲ್ಲಿ ಕಡೆಯ ಹೆಂಗಸರು ಬೋಗುಣಿ ಮುಂದಿಟ್ಟುಕೊಂಡು ಸಿಮೆಂಟು ನೆಲದ ಮೇಲೆ ಸಾಲಾಗಿ ಕೂತಿದ್ದರು. ಉಣ್ಣೆಯನ್ನು ಬಿಸಿ ಸೋಪುನೀರಿನಲ್ಲಿ ಅದ್ದಿ, ಅಂಗೈಗಳ ನಡುವೆ ಉರುಳಿಸಿ ಉರುಳಿಸಿ ಗಟ್ಟಿ ಉಂಡೆ ಮಾಡುವುದು ಅವರ ಕೆಲಸ. ಆಮೇಲೆ ಬಣ್ಣ ಹಾಕಿ, ದಾರಕ್ಕೆ ಪೋಣಿಸಿ, ಯಾವುದೋ ದೇಶದ ಮಕ್ಕಳ ತೊಟ್ಟಿಲ ಮೇಲೆ ಕಟ್ಟಲು ಕಳಿಸುತ್ತಿದ್ದರು. ದೂರದವರು ಬಿಳಿ ಉಣ್ಣೆಯನ್ನು ಮನೆಗೆ ಒಯ್ದು ಉಂಡೆ ಮಾಡಿ ತರಬಹುದಿತ್ತು. ಕಲ್ಯಾಣದುರ್ಗದ ಕಡೆಗೆ ಒಯ್ಯುತ್ತಿದ್ದವಳು ಕೃಷ್ಣವೇಣಿ ಒಬ್ಬಳೇ.

“ಮೂಟೆ ತುಂಬ ಬಿಳೀ ಉಣ್ಣೆ ಕೊಟ್ಟಿದ್ದೆ. ಅದೆಲ್ಲಿ ಹೋಯ್ತು?” ಶಿರೀಷಾ ದನಿ ಏರಿಸಲಿಲ್ಲ. “ನಾ ದಗ್ಗರೇ ದೊಂಗತನಮಾ?”

ನನ್ನ ಹತ್ತಿರವೇ ಕಳ್ಳತನವಾ. ಶೆಡ್ಡಿನಲ್ಲಿ ಎಲ್ಲ ಕೈಗಳೂ ನಿಂತವು.

“ನಾನು ಕದ್ದಿಲ್ಲ ಮೇಡಂ.”

“ಹೊರಗೆ ಲಡ್ಡು, ಒಳಗೆ ಇದ್ಲು,” ಎಂದಳು ರೊದ್ದಂನ ರಾಮಾಂಜಿನಮ್ಮ. ಎಲ್ಲರೂ ನಕ್ಕರು.

“ಮಂಗಳವಾರ ಬಾ,” ಎಂದಳು ಶಿರೀಷಾ. “ಉಣ್ಣೆ ಎಲ್ಲಿದೆ ಅಂತ ತೋರ್ಸು. ಆಗಲಿಲ್ಲ ಅಂದ್ರೆ ಈ ಬಾಗ್ಲಿಗೆ ಮತ್ತೆ ಬರ್ಬೇಡ.”

ಪಾವಗಡದಲ್ಲಿ ಬಸ್ಸು ಬದಲಿಸಿ ಕೂತಾಗಲೂ ಆ ನಗು ಅವಳ ಕಿವಿಯಲ್ಲಿತ್ತು. ಹತ್ತನೇ ಕ್ಲಾಸು ಪಾಸಾದ ಮೇಲೆ ಮದುವೆಯಾಗಿ ಬಂದು ಅವಳು ಕಂಡದ್ದು ಕುರಿಹಟ್ಟಿ ಮತ್ತು ಗೊಬ್ಬರದ ಮಂಕರಿ. ಈ ಕೆಲಸ ಸಿಕ್ಕಮೇಲೆ ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ಹಿಂದೂಪುರದಲ್ಲಿ ಅವಳನ್ನು ಯಾರೂ ಓಬುಳೇಶನ ಹೆಂಡತಿ ಎನ್ನುತ್ತಿರಲಿಲ್ಲ, ಕೃಷ್ಣವೇಣಿ ಎನ್ನುತ್ತಿದ್ದರು. ಈಗ ಅಲ್ಲಿಯೂ ಹೆಸರು ಹೋಯಿತು.

ಕೆಲವು ಉಂಡೆಗಳ ಮೇಲೆ ಕರಿ ಕೂದಲು ಎದ್ದಿದ್ದನ್ನು ಅವಳು ಮೊದಲೇ ನೋಡಿದ್ದಳು. ಮನೆಯ ನೆಲದಿಂದ ಅಂಟಿರಬೇಕು ಎಂದುಕೊಂಡು ಚಿಮಟಿಗೆಯಲ್ಲಿ ಕಿತ್ತು ಎಸೆದಿದ್ದಳು. ಒಳಗಿನಿಂದ ಬರುತ್ತಿದೆ ಎಂದು ಹೊಳೆದಿರಲಿಲ್ಲ. ಉಂಡೆಯ ನಡುವಿನ ಗಂಟನ್ನು ಹೆಂಗಸರು ಬೀಜ ಎನ್ನುತ್ತಿದ್ದರು. ಮನೆಯಲ್ಲಿ ಬೀಜ ಕಟ್ಟಿ ಮೇಲೊಂದು ಸುತ್ತು ಬಿಳಿ ಉಣ್ಣೆ ಸುತ್ತಿ ಬುಟ್ಟಿಗೆ ಹಾಕುತ್ತಿದ್ದವಳು ಅತ್ತೆ ಪಾಪಕ್ಕ. ಅವಳ ಕೈ ಬಿರಿದು ಸೋಪುನೀರು ಆಗುತ್ತಿರಲಿಲ್ಲ. ಅದರ ಮೇಲೆ ಇನ್ನಷ್ಟು ಸುತ್ತಿ, ಅದ್ದಿ, ಉರುಳಿಸುವುದು ಸೊಸೆಯ ಪಾಲು.

ಪಾಪಕ್ಕ ಅಂಗಳದಲ್ಲಿ ಕಾಲು ಚಾಚಿಕೊಂಡು ಬೀಜ ಕಟ್ಟುತ್ತಿದ್ದಳು. ಕೃಷ್ಣವೇಣಿ ಶೆಡ್ಡಿನಿಂದ ತಂದಿದ್ದ ಹೋಳುಗಳನ್ನು ಅವಳ ಮಡಿಲಿಗೆ ಎಸೆದಳು.

“ಕುಯ್ದು ನೋಡಿದ್ರಾ?” ಪಾಪಕ್ಕನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಮಕ್ಳಾಡೋ ಸಾಮಾನ ಯಾವೋನು ಕುಯ್ದು ನೋಡ್ತಾನೆ?”

“ಬಿಳೀ ಉಣ್ಣೆ ಎಲ್ಲಿ ಅತ್ತೆ?”

“ನಮ್ ಕರಿ ಉಣ್ಣೆ ಅದಕ್ಕಿಂತ ಗಟ್ಟಿ ಕಣಮ್ಮ. ಒಳಗೆ ಗಟ್ಟಿ ಇದ್ರೆ ಉಂಡೆಗೂ ಒಳ್ಳೇದು.”

“ಬಿಳೀದು ಎಲ್ಲಿ ಅಂದೆ.”

“ನಿನ್ ಗಂಡನ್ನ ಕೇಳು. ಕಲ್ಯಾಣದುರ್ಗದಾಗೆ ನೇಯಾಕೆ ಕೊಟ್ಟವ್ನೆ. ಬೀರಪ್ಪನ ಗದ್ದುಗೆಗೆ.”

ಕೃಷ್ಣವೇಣಿಗೆ ಉಳಿದದ್ದನ್ನು ಯಾರೂ ಹೇಳಬೇಕಾಗಲಿಲ್ಲ. ಅವರ ಸೀಮೆಯ ಕುರಿಗಳೆಲ್ಲ ಕಪ್ಪು. ಬಿಳಿ ಕಂಬಳಿ ಸುಲಭಕ್ಕೆ ಸಿಗದು. ಕುಲದೇವರು ಬೀರಪ್ಪನ ಗುಡಿಯಲ್ಲಿ ಕಂಬಳಿ ಮಡಿಸಿ ಹಾಸಿ, ಮೇಲೆ ಭಂಡಾರದ ಅರಿಶಿನ ಚೆಲ್ಲಿದರೆ ಅದು ಗದ್ದುಗೆ. ಕುಲದ ಜಗಳಗಳೆಲ್ಲ ಅದರ ಮುಂದೆಯೇ ತೀರಬೇಕು. ಗದ್ದುಗೆ ಮುಟ್ಟಿದವನು ಸುಳ್ಳಾಡುವಂತಿಲ್ಲ. ಕಂಬಳಿ ಕೊಟ್ಟವನಿಗೆ ಅದರ ಪಕ್ಕ ಕೂರುವ ಜಾಗ. ಹಳೆಯ ಕಂಬಳಿಗೆ ನುಸಿ ಹಿಡಿದಿತ್ತು. ಓಬುಳೇಶನ ಕಣ್ಣು ಬಹಳ ದಿನದಿಂದ ಆ ಜಾಗದ ಮೇಲಿತ್ತು.

ಅವನು ಕುರಿಗಳನ್ನು ಹಟ್ಟಿಗೆ ಕೂಡಿ ಬಂದವನು ಹೆಂಡತಿಯ ಮುಖ ನೋಡಿದಕೂಡಲೇ ಎಲ್ಲ ತಿಳಿದುಕೊಂಡ.

“ನಮ್ ಮನೆಗೆ ಬಂದ ಉಣ್ಣೆ ತಾನೆ? ದ್ಯಾವರ್ಗೆ ಕೊಟ್ಟೆ. ನಾನೇನು ಹೊದ್ಕೊಂಡು ಮಲಗ್ತೀನಾ?”

“ಅಲ್ಲಿ ಅಷ್ಟು ಜನದ ಮುಂದೆ ನನ್ನ ಕಳ್ಳಿ ಅಂದ್ರು.”

“ಹಿಂದೂಪುರದಾಗೆ ತಾನೆ ಅಂದಿದ್ದು? ಇಲ್ಲಿ ಯಾರಿಗೆ ಗೊತ್ತು? ಇನ್ಮೇಲೆ ಹೋಗ್ಬೇಡ, ಮುಗೀತು.”

ಎಷ್ಟು ಸಲೀಸಾಗಿ ಮುಗಿಸಿದ. ಕೈಕಾಲು ತೊಳೆಯಲು ನೀರಿನ ಚೊಂಬು ಕೂಡ ಎತ್ತಿಕೊಂಡಾಗಿತ್ತು.

“ಮಂಗಳವಾರ ನನ್ ಜೊತೆ ಬಾ. ಉಣ್ಣೆ ತಗೊಂಡೋನು ನಾನು ಅಂತ ಮೇಡಂಗೆ ಹೇಳು. ಅಷ್ಟು ಸಾಕು.”

“ಆ ಹೆಂಗಸ್ರ ಮುಂದೆ ನಾನು ಕೈ ಕಟ್ಕೊಂಡು ನಿಂತ್ಕೋಬೇಕಾ?” ಓಬುಳೇಶ ನಕ್ಕ. “ಹೋಗೇ, ಮುದ್ದೆಗೆ ಇಡು.”

ಅವಳು ಮುದ್ದೆಗೆ ಇಟ್ಟಳು. ಹಿಟ್ಟು ಗಂಟು ಗಂಟಾಗುವ ಹಾಗೆ ತೊಳಸಿ ಬಡಿಸಿದಳು. ಅವನು ಗಂಟುಗಳ ಸಮೇತ ನುಂಗಿದ.

ಸೋಮವಾರ ಬೆಳಿಗ್ಗೆ ಗುಡಿಯಲ್ಲಿ ಹೊಸ ಕಂಬಳಿ ಹಾಸಿದರು. ಹುಣಸೆಬೀಜದ ಗಂಜಿ ಹಾಕಿ ಒಣಗಿಸಿದ ಅದು ಹಪ್ಪಳದ ಹಾಗೆ ಬಿಗಿಯಾಗಿತ್ತು. ಅಷ್ಟು ಬೆಳ್ಳಗಿನ ಗದ್ದುಗೆಯನ್ನು ಊರು ಕಂಡಿರಲಿಲ್ಲ. ಕುಲದ ಹಿರಿಯ ಬೈರಣ್ಣ ಭಂಡಾರ ಚೆಲ್ಲಿ ಕಾಯಿ ಒಡೆದ. ಓಬುಳೇಶ ಒಗೆದ ಪಂಚೆಯುಟ್ಟು ಪಕ್ಕದಲ್ಲಿ ಕೂತಿದ್ದ. ಕೃಷ್ಣವೇಣಿ ಹೆಂಗಸರ ಸಾಲಿನಿಂದ ಎದ್ದು ಮುಂದೆ ಬಂದಳು.

“ಬೈರಣ್ಣಮಾವ, ನಂದೊಂದು ಮಾತೈತೆ.”

“ಇವತ್ತು ಪೂಜೆ ಕಣಮ್ಮ. ಪಂಚಾಯ್ತಿ ಅಲ್ಲ.”

“ಗದ್ದುಗೆ ಹಾಸೈತಲ್ಲ ಮಾವ. ಹಾಸಿದ ಮ್ಯಾಲೆ ಯಾರು ಬೇಕಾದ್ರೂ ಕೇಳ್ಬೋದು.”

ಅದು ನಿಜವಾದ್ದರಿಂದ ಬೈರಣ್ಣ ಕೇಳು ಎಂಬಂತೆ ಕೈ ಮಾಡಿದ.

“ಈ ಕಂಬಳಿ ಉಣ್ಣೆ ಎಲ್ಲಿಂದ ಬಂತು ಅಂತ ಕೊಟ್ಟೋರು ಮುಟ್ಟಿ ಹೇಳ್ಲಿ.”

ಜನ ಓಬುಳೇಶನ ಕಡೆ ತಿರುಗಿದರು. ಹೆಂಡತಿಯ ಉಂಡೆಯ ಚೀಲದಿಂದ ಎಂದು ಹೇಳಿದರೆ ಕೂತ ಜಾಗ ಹೋಗುತ್ತಿತ್ತು. ಅವನು ಬಗ್ಗಿ ಅರಿಶಿನದ ಮೇಲೆ ಅಂಗೈ ಊರಿದ.

“ರಾಯದುರ್ಗದ ಸಂತ್ಯಾಗೆ ಕೊಂಡಿದ್ದು.”

“ಸುಳ್ಳಾಡ್ಬುಟ್ಟೆ ಕಣ್ಲಾ,” ಎಂದಿತು ಹಿಂದಿನಿಂದ ಒಂದು ದನಿ.

ಪಾಪಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದಳು. ಉಣ್ಣೆ ಬದಲಿಸಲು ಅವಳು ಹಿಂಜರಿದಿರಲಿಲ್ಲ. ಗದ್ದುಗೆ ಮುಟ್ಟಿ ಆಡಿದ ಸುಳ್ಳನ್ನು ಮಾತ್ರ ಅವಳಿಂದ ತಡೆಯಲಾಗಲಿಲ್ಲ.

“ನಿಮ್ಮಪ್ಪ ಇದನ್ನ ಮುಟ್ಟಿ ಹೊಲಾನೇ ಬಿಟ್ಕೊಟ್ಟ, ಸುಳ್ಳಾಡ್ಲಿಲ್ಲ. ನೀನು ಆಡ್ಬುಟ್ಟೆ. ಉಣ್ಣೆ ಇವಳ ಚೀಲದ್ದು ಬೈರಣ್ಣ. ತೆಗ್ದು ಕೊಟ್ಟೋಳು ನಾನೇ.”

ಬೈರಣ್ಣ ಕೆಮ್ಮಿದ. “ಆಯ್ತು, ಮನೆ ಮಾತು ಮನೆಯಾಗಿರ್ಲಿ. ಕೊಟ್ಟಾಯ್ತು, ಈಗಿದು ದ್ಯಾವರ್ದು. ಹಿಂದೂಪುರದೋರಿಗೆ ಒಂದು ಒಳ್ಳೇ ಕರೀ ಕಂಬಳಿ ಕೊಟ್ ಬಾ ಕಣಮ್ಮ.”

“ಸುಳ್ಳಾಡಿದ ಗದ್ದುಗೆ ಮುಟ್ಟಿ ನಾಳೆ ಯಾರು ನಿಜ ಹೇಳ್ತಾರೆ ಮಾವ? ನೀವು ಹೇಳ್ತೀರಾ?” ಎಂದಳು ಕೃಷ್ಣವೇಣಿ.

ಬೈರಣ್ಣ ಕಂಬಳಿಯ ಅಂಚಿಗೆ ತಾಗಿದ್ದ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಅದನ್ನು ನೋಡಿ ಉಳಿದವರೂ ಸರಿದು ಕೂತರು. ಯಾರಿಗೂ ಬೇಡವಾದ ಕಂಬಳಿಯನ್ನು ಕೃಷ್ಣವೇಣಿ ಅರಿಶಿನದ ಸಮೇತ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಓಬುಳೇಶ ಎದ್ದು ಅಡ್ಡ ಬಂದ.

“ಅದನ್ನ ತಗೊಂಡು ಹೊಸ್ಲು ದಾಟಿದ್ರೆ ಮನೆಗೆ ಬರ್ಬೇಡ.”

“ನಿನ್ ಕೈ ಒರಸ್ಕೊ,” ಎಂದಳು ಅವಳು. “ಅರಿಶಿನ ಆಗೈತೆ.”

ಆ ದಿನ ಕಲ್ಯಾಣದುರ್ಗದ ಚಿಕ್ಕಮ್ಮನ ಮನೆಯಲ್ಲಿದ್ದು ಮಂಗಳವಾರ ಮೊದಲ ಬಸ್ಸಿಗೆ ಹೊರಟಳು. ಶೆಡ್ಡಿನಲ್ಲಿ ಕಂಬಳಿಯನ್ನು ಶಿರೀಷಾಳ ಮೇಜಿನ ಮೇಲೆ ಹಾಕಿದಾಗ ಅರಿಶಿನ ಕಾಗದಗಳ ಮೇಲೆಲ್ಲ ಉದುರಿತು.

“ಉಣ್ಣೆ ಎಲ್ಲಿ ಅಂದ್ರಲ್ಲ ಮೇಡಂ. ಇದೇ.”

ಶಿರೀಷಾ ಅಂಚನ್ನು ಬಿಡಿಸಿ ಎಳೆಯೊಂದನ್ನು ಉಜ್ಜಿ ನೋಡಿದಳು. ಅವಳದೇ ಉಣ್ಣೆ. “ಯಾರು ತಗೊಂಡಿದ್ದು?”

“ನನ್ ಗಂಡ. ತೆಗ್ದು ಕೊಟ್ಟೋಳು ನಮ್ಮತ್ತೆ. ಒಂದು ಉಂಡೆನೂ ಕುಯ್ದು ನೋಡ್ದೆ ತಂದುಬಿಟ್ಟೋಳು ನಾನು. ಕದ್ದೋಳು ನಾನಲ್ಲ. ಅದನ್ನ ಎಲ್ಲರ ಮುಂದೆ ಹೇಳಿ.”

“ಕಂಬಳಿ ಇಟ್ಕೊಂಡು ನಾನೇನ್ ಮಾಡ್ಲಿ?”

“ಹೇಳಿ ಮೇಡಂ. ಅವತ್ತು ಎಲ್ಲರ ಮುಂದೆ ತಾನೆ ಅಂದಿದ್ದು.”

ಶಿರೀಷಾ ಅವಳನ್ನೊಮ್ಮೆ, ಸಾಲನ್ನೊಮ್ಮೆ ನೋಡಿದಳು. “ಕೃಷ್ಣವೇಣಿ ದೊಂಗ ಕಾದು,” ಎಂದಳು. ಕೃಷ್ಣವೇಣಿ ಕಳ್ಳಿಯಲ್ಲ. ಹಾಜರಿ ಕೂಗುವ ದನಿಯಲ್ಲೇ ಹೇಳಿದಳು. “ಆದ್ರೆ ಇನ್ನು ಮನೆಗೆ ಉಣ್ಣೆ ಕೊಡಲ್ಲ. ಇಲ್ಲೇ ಕೂತು, ನನ್ ಕಣ್ಮುಂದೆ ಮಾಡ್ಬೇಕು. ಕಲ್ಯಾಣದುರ್ಗದಿಂದ ದಿನಾ ಬರ್ತೀಯಾ?”

“ಇಲ್ಲ.”

“ಮತ್ತೆ ಎಲ್ಲಿರ್ತೀಯಾ?”

“ಬೋಗುಣಿ ಕೊಡಿ. ಅದನ್ನ ಆಮೇಲೆ ನೋಡ್ಕೊಂತೀನಿ.”

ಸಾಲಿನ ಕೊನೆಯಲ್ಲಿ ಜಾಗವಿತ್ತು. ಕೃಷ್ಣವೇಣಿ ಕಂಬಳಿಯನ್ನು ಎರಡು ಮಡಿಕೆ ಮಾಡಿ ಸಿಮೆಂಟಿನ ಮೇಲೆ ಹಾಸಿದಳು. ಪಕ್ಕದಲ್ಲಿದ್ದ ರಾಮಾಂಜಿನಮ್ಮ ಸರಿದು ಕೂತಳು.

“ಅದ್ರ ಮೇಲೆ ದೇವ್ರ ಅರಿಶಿನ ಐತಲ್ಲೇ.”

“ಐತೆ,” ಎಂದು ಕೃಷ್ಣವೇಣಿ ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

ಚೀಲದಿಂದ ಬಿಳಿ ಉಣ್ಣೆಯ ಒಂದು ಕುಚ್ಚನ್ನು ಕಿತ್ತು ಬೀಜವನ್ನು ತಾನೇ ಕಟ್ಟಿದಳು. ಅಡ್ಡಡ್ಡ ಸುತ್ತಿ, ಸುಡುವ ನೀರಿಗೆ ಅದ್ದಿ ಉರುಳಿಸತೊಡಗಿದಳು. ಮೊದಮೊದಲು ಹಗುರವಾಗಿ ಉರುಳಿಸಬೇಕು, ಇಲ್ಲದಿದ್ದರೆ ಉಂಡೆ ಬಿರಿಯುತ್ತದೆ. ಅವಳ ಕೈ ಹಗುರವಾಗಲು ಹೊತ್ತು ಹಿಡಿಯಿತು. ಸೋಪುನೀರು ಬೋಗುಣಿಯಿಂದ ಚೆಲ್ಲಿ ಕಂಬಳಿಯಲ್ಲಿ ಇಂಗಿತು. ಗಂಜಿ ಬಿಟ್ಟುಕೊಂಡು ಅದು ಅವಳ ಕೆಳಗೆ ಮೆತ್ತಗಾಗುತ್ತ ಬಂತು.