ವರ್ಮೀಸ್ ವಿಭಾಗ

ನಮ್ಮ ಮ್ಯೂಸಿಯಮ್ಮಿಗೆ ನನ್ನ ಭಾವನೇ ನಿರ್ದೇಶಕರು. ಅಕ್ಕನ ಗಂಡನ ದಯೆಯಿಂದ ಕೆಲಸ ಸಿಕ್ಕಿತು ಎನ್ನುವವರ ಬಾಯಿಗೆ ಬೀಗ ಹಾಕಬೇಕೆಂದೇ ಹತ್ತು ವರ್ಷ ಜಾಡಿಯೊಳಗಿನ ಬಸವನಹುಳುಗಳ ಜೊತೆ ತಲೆ ತಗ್ಗಿಸಿ ದುಡಿದೆ. ಅವುಗಳಿಗೆಂದು ಒಂದು ಕೋಣೆ, ಕಿಟಕಿಯ ಪಕ್ಕ ಒಂದು ಮೇಜು. ಲೋಕದಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ.

ಭಾವನ ಕಣ್ಣು ಅದರ ಮೇಲೂ ಬಿತ್ತು. ಅಲ್ಲಿ ಗೊಂಬೆ ಅಂಗಡಿ ಬೇಕಂತೆ. ನನ್ನನ್ನು, ಚಿತ್ರ ಬರೆಯುವವನನ್ನು, ಬಲ್ಬು ಬದಲಿಸುವವನನ್ನು, ಮಕ್ಕಳಿಗೆ ಕಥೆ ಹೇಳುವ ಟೀಚರನ್ನು ಮೆಟ್ಟಿಲ ಕೆಳಗಿನ ಒಂದೇ ಕೋಣೆಗೆ ತುಂಬಿದರು. ಬಾಗಿಲ ಮೇಲೆ ಹೊಳೆಯುವ ಹಿತ್ತಾಳೆ ಫಲಕ: 'ವರ್ಮೀಸ್ ವಿಭಾಗ'. ಯಾವುದೋ ಹಳೇ ಬೀರುವಿನ ಮೇಲೆ ಆ ಹೆಸರು ಕಂಡು ಭಾವ ಮರುಳಾಗಿದ್ದರು.

"ಎಂಥ ಗತ್ತಿನ ಹೆಸರು ನೋಡಮ್ಮ!"

"ಅರ್ಥ ಗೊತ್ತಾ ಭಾವ? ಲ್ಯಾಟಿನ್‌ನಲ್ಲಿ ಹುಳಗಳು ಅಂತ. ಹಿಂದೆ ಒಬ್ಬ ಪಂಡಿತ ಪ್ರಾಣಿಗಳನ್ನೆಲ್ಲ ಆರು ಪಾಲು ಮಾಡ್ದ. ಹಾಲು ಕುಡ್ಸೋವು, ಹಕ್ಕಿ, ಕಪ್ಪೆ-ಹಾವು, ಮೀನು, ಕೀಟ. ಅಷ್ಟಕ್ಕೇ ಸುಸ್ತಾಯ್ತೋ ಏನೋ, ಉಳಿದಿದ್ದನ್ನೆಲ್ಲ, ಎರೆಹುಳು, ಬಸವನಹುಳು, ಆಕ್ಟೋಪಸ್, ನಕ್ಷತ್ರಮೀನು, ಎಲ್ಲಾನೂ ಆರನೇ ಪಾಲಿಗೆ ಸುರಿದು ವರ್ಮೀಸ್ ಅಂದ. ಒಂದಕ್ಕೊಂದು ಸಂಬಂಧಾನೇ ಇಲ್ಲ. ಆಮೇಲಿನೋರು ಬಿಡಿಸಿ ನೋಡಿ ಒಂದೊಂದಕ್ಕೂ ಬೇರೆ ಮನೆ ಕೊಟ್ರು. ಈಗ ಆ ಹೆಸರನ್ನ ಯಾರೂ ಬಳಸಲ್ಲ."

"ಬಸವನಹುಳು ಅಂತ ನೀನೇ ಕರೀತೀಯಲ್ಲ, ಅದೂ ಹುಳಾನೇ ತಾನೆ?" ಎಂದು ಭಾವ ಯುದ್ಧ ಗೆದ್ದವರಂತೆ ಹೊರಟುಹೋದರು. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು ನನ್ನ ಪಾಠ.

ಸಂಜೆ ನೆಟ್ಟಗೆ ಅಕ್ಕನ ಅಡುಗೆಮನೆಗೆ ಹೋದೆ. ಚಾಡಿ ಹೇಳಬಾರದು ಅಂತಾರೆ. ಹೇಳಿದೆ, ಉಪ್ಪು ಖಾರ ಹಚ್ಚಿಯೇ ಹೇಳಿದೆ.

ಅಕ್ಕ ಸೌಟು ಹಿಡಿದುಕೊಂಡೇ ಭಾವ ಕೂತಿದ್ದಲ್ಲಿಗೆ ನುಗ್ಗಿದಳು. "ಏನ್ರೀ, ನನ್ನ ತಂಗೀನ ಹುಳ ಅಂದ್ರಾ? ನಿಮ್ಮ ಕಡೆಯೋರೆಲ್ಲ ಏನು, ಸಿಂಹಗಳಾ? ಆ ಬೋರ್ಡು ಇಳಿಯೋವರೆಗೂ ಈ ಮನೇಲಿ ಒಲೆ ಹತ್ತಲ್ಲ!"

ಮರುದಿನ ಬೆಳಿಗ್ಗೆಯೇ ಭಾವ ಖಾಲಿ ಹೊಟ್ಟೆಯಲ್ಲಿ ನಿಂತು ಫಲಕ ಇಳಿಸಿದರು. ನಾನು ಜಾಡಿಗಳನ್ನು ತಬ್ಬಿಕೊಂಡು ನನ್ನ ಹಳೇ ಕೋಣೆಗೆ ಓಡಿದೆ. ಬಾಗಿಲಿಗೆ ಹೊಸ ಬೀಗ. ಗಾಜಿನ ಆಚೆ, ನನ್ನ ಮೇಜಿನ ಮೇಲೆ, ಬಟ್ಟೆಯ ಆಕ್ಟೋಪಸ್ ಗೊಂಬೆಗಳು ಸಾಲಾಗಿ ಕೂತಿದ್ದವು. ಅಳು ಬಂತು.

ಜಾಡಿಗಳ ಸಮೇತ ಮೆಟ್ಟಿಲ ಕೆಳಗೆ ವಾಪಸ್ ಬಂದಾಗ ಬಲ್ಬಿನವನು ಬೇರೆ ಫಲಕಕ್ಕೆ ಮೊಳೆ ಹೊಡೆಯುತ್ತಿದ್ದ: 'ಇತರೆ ವಿಭಾಗ'.

"ಈಗ ಸಮಾಧಾನ ಆಯ್ತಾ?" ಎಂದರು ಭಾವ. "ನಿಮ್ಮಕ್ಕಂಗೆ ಫೋನ್ ಮಾಡಿ ಹೇಳ್ಬಿಡಮ್ಮ, ಪುಣ್ಯ ಬರುತ್ತೆ."

ಆ ಪಂಡಿತನೇ ವಾಸಿ. ಹುಳ ಅಂತಾದರೂ ಅಂದಿದ್ದ.