ಮಲ್ಲಿಗೆಯ ಜಾಗಕ್ಕೆ ಕನಕಾಂಬರ

ಜೀವಶಾಸ್ತ್ರ ಬಲ್ಲವರು ಮೊದಲೇ ಕ್ಷಮಿಸಬೇಕು. ಅವರು ಲ್ಯಾಬಿನಲ್ಲಿ ತೋರಿಸುವುದನ್ನು ಇಲ್ಲಿ ಹೂವಿನಲ್ಲಿ ಹೇಳಲು ಹೊರಟದ್ದು ಅಧಿಕಪ್ರಸಂಗವೇ, ಅದೂ ಅರ್ಧಂಬರ್ಧ ತಿಳಿದು. ಆದರೂ ಆ ಶುಕ್ರವಾರ ತ್ರಿವೇಣಿಯ ಕ್ಲಾಸಿನಲ್ಲಿ ನಡೆದದ್ದನ್ನು ಹೇಳದೆ ಬಿಡಲು ಮನಸ್ಸು ಬರಲಿಲ್ಲ.

ಗುಬ್ಬಿಯ ಆ ಪಿಯು ಕಾಲೇಜಿನಲ್ಲಿ ಅವಳು ಒದ್ದೆ ಬಾಳೆಲೆ ಬಿಚ್ಚಿ, ಹೂವಿನ ಮಾಲೆಯನ್ನು ಮೇಜಿನ ಮೇಲೆ ಉದ್ದಕ್ಕೆ ಬಿಡಿಸುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಪ್ರಿನ್ಸಿಪಾಲ್ ಸದಾಶಿವಯ್ಯನವರು ಕನ್ನಡಕ ಸರಿಮಾಡಿಕೊಂಡರು.

"ಏನಮ್ಮಾ, ಪಾಠಾನೋ ಪೂಜೇನೋ?"

ಹುಡುಗರು ಕಿಸಕ್ಕೆಂದರು. ತ್ರಿವೇಣಿಯೂ ನಕ್ಕಳು. ಅವಳು ಪಾರ್ಟ್‌ಟೈಮ್ ಉಪನ್ಯಾಸಕಿ. ಮುಂದಿನ ವರ್ಷ ಅವಳನ್ನೇ ಇಟ್ಟುಕೊಳ್ಳುವುದೋ, ಬೇರೆಯವರನ್ನು ಕರೆಯುವುದೋ ಎಂಬುದನ್ನು ಅವರು ಈ ಒಂದು ಕ್ಲಾಸು ನೋಡಿ ತೀರ್ಮಾನಿಸುವವರಿದ್ದರು. ಹಗಲು ಬಟವಾಡಿ ಬಡಾವಣೆಯ ಮೆಡಿಕಲ್ ಸ್ಟೋರಿನಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಓದಿ ಪದವಿ ಪಡೆದವಳು ಅವಳು. ಹಗಲು ಕಾಲೇಜಿನಲ್ಲಿ ಕಲಿತವರಿಗೆಲ್ಲ ಗೊತ್ತಿರುವ ಯಾವುದೋ ಒಂದು ತನಗೆ ಮಾತ್ರ ಗೊತ್ತಿಲ್ಲ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಹಾಗಾಗಿ ಬರೆದದ್ದನ್ನೆಲ್ಲ ಮತ್ತೆ ಮತ್ತೆ ತಿದ್ದುವಳು.

ಹೂವಿನ ಯೋಚನೆ ಅವಳದೇ. ಜೀವಕೋಶದಲ್ಲಿ ಬರುವ ಸಂದೇಶಕ್ಕೆ ನಾಲ್ಕೇ ಅಕ್ಷರ. ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಮರುಗ, ಒಂದೊಂದು ಅಕ್ಷರಕ್ಕೆ ಒಂದೊಂದು. ಕೋಶ ಅದನ್ನು ಮೂರು ಮೂರಾಗಿ ಓದುತ್ತದೆ. ಪ್ರತಿ ಮೂರಕ್ಕೆ ಒಂದು ಅಮೈನೋ ಆಮ್ಲ ತರುತ್ತದೆ, ಹಾಗೆ ತಂದವನ್ನು ಸಾಲಾಗಿ ಸೇರಿಸಿ ಪ್ರೋಟೀನು ಮಾಡುತ್ತದೆ. ಯಾವ ಮೂರಕ್ಕೆ ಯಾವುದು ಎಂಬ ಚಾರ್ಟು ಗೋಡೆಯ ಮೇಲಿತ್ತು. ಬರಬೇಕಾದ ಉತ್ತರವನ್ನು ಅವಳು ಮೊದಲೇ ಬೋರ್ಡಿನ ಮೇಲೆ ಬರೆದಿದ್ದಳು. ಬೆಳಗ್ಗೆ ಮೊರದಲ್ಲಿ ಹೂವನ್ನು ಕ್ರಮವಾಗಿ ಜೋಡಿಸಿಟ್ಟು ಸ್ನಾನಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಅತ್ತೆ ಸಿದ್ದಲಕ್ಷ್ಮಮ್ಮ ಕಟ್ಟಿ ಮುಗಿಸಿದ್ದರು. ಬಸ್ಸಿಗೆ ಹೊತ್ತಾಗಿತ್ತು. ಜೀವಮಾನದಲ್ಲಿ ಮೊದಲ ಸಲ, ಅವಳು ಮಾಲೆ ಸರಿಯಿದೆಯೇ ಎಂದು ನೋಡಿರಲಿಲ್ಲ.

ಮೊದಲ ಮೂರು ಹೂವನ್ನು ಶೃತಿ ಓದಿದಳು. "ಸೇವಂತಿಗೆ, ಮಲ್ಲಿಗೆ, ಮರುಗ. ಮಿಥಿಯೋನಿನ್ ಮಿಸ್." ಸರಿ. ಮುಂದಿನದೂ ಸರಿ. ಮೂರನೆಯದಕ್ಕೆ ದಯಾನಂದ ಎದ್ದ.

"ಕನಕಾಂಬರ, ಮಲ್ಲಿಗೆ, ಕನಕಾಂಬರ."

ಕೊನೆಯದು ಮಲ್ಲಿಗೆ ಇರಬೇಕಿತ್ತು. ತ್ರಿವೇಣಿ ಮಾಲೆಯನ್ನು ದಿಟ್ಟಿಸಿದಳು. ಕನಕಾಂಬರವೇ. ಮನೆ ಬಿಡುವಾಗ ದೇವರ ಫೋಟೋದ ಮೇಲೆ ಬೆಳ್ಳಗೆ ಏನೋ ಕಂಡದ್ದು ಆಗ ನೆನಪಾಯಿತು. ಶುಕ್ರವಾರ ಹೂವು ಹೊಸಿಲು ದಾಟುವ ಮೊದಲು ದೇವರ ಪಾಲು ತೆಗೆಯದೆ ಬಿಡುವವರಲ್ಲ ಅತ್ತೆ. ಮಲ್ಲಿಗೆ ತೆಗೆದು, ಜಾಗ ಖಾಲಿ ಕಾಣಬಾರದೆಂದು ಕನಕಾಂಬರ ಸೇರಿಸಿದ್ದಾರೆ. ಸದಾಶಿವಯ್ಯನವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಲ್ಯೂಸಿನ್ ಮಿಸ್," ಎಂದ ದಯಾನಂದ, ಚಾರ್ಟಿನ ಮೇಲೆ ಬೆರಳಿಟ್ಟು.

ಬೋರ್ಡಿನ ಮೇಲಿದ್ದದ್ದೂ ಲ್ಯೂಸಿನ್ನೇ. ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ, ಪುಸ್ತಕದಲ್ಲಿ ಎಷ್ಟೋ ಸಲ ಅಡಿಗೆರೆ ಎಳೆದಿದ್ದ ಸಾಲು, ಒಂದೇ ಆಮ್ಲಕ್ಕೆ ಹಲವು ಮೂರುಗಳುಂಟು ಎಂಬುದು, ಈಗ ತಾನೇ ಕಣ್ಣಿಗೆ ಬಿದ್ದಂತಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿದ್ದಳು.

ಆದರೆ ಇನ್ನೊಂದಿತ್ತು. ಮೂರೂ ಮಲ್ಲಿಗೆ ಇರಬೇಕಾದ ಕಡೆ ಮೊದಲನೆಯದು ಕನಕಾಂಬರವಾಗಿತ್ತು. ಕಾಂತೇಶ್ ಅದನ್ನು ಓದಿ, ಚಾರ್ಟು ನೋಡಿ, ಮತ್ತೆ ಲ್ಯೂಸಿನ್ ಎಂದ.

"ಏನ್ಲಾ, ಸರ್ಯಾಗ್ ನೋಡೋ. ಬೋರ್ಡಲ್ಲಿ ಫಿನೈಲ್ ಅಲನಿನ್ ಅಂತದೆ," ಎಂದ ದಯಾನಂದ.

"ಕಣ್ ನೆಟ್ಟಗವೆ ಕಣ್ಲಾ. ಬೇಕಾರೆ ನೀನೇ ಬಂದ್ ನೋಡು."

ಎಲ್ಲರೂ ಅವಳ ಮುಖ ನೋಡಿದರು. ತ್ರಿವೇಣಿ ಸೀಮೆಸುಣ್ಣ ಕೆಳಗಿಟ್ಟಳು.

"ಕಾಂತೇಶ್ ಓದಿದ್ದು ಸರಿ. ಮಾಲೆ ತಪ್ಪು. ಎರಡು ಕಡೆ ತಪ್ಪಿದೆ, ನಾನು ನೋಡ್ಕೊಳ್ಳಲಿಲ್ಲ. ನಮ್ಮತ್ತೆ ದೇವರಿಗೆ ಅಂತ ಮಲ್ಲಿಗೆ ತೆಗೆದುಬಿಟ್ಟಿದಾರೆ."

ಕ್ಲಾಸು ಗೊಳ್ಳೆಂದಿತು. ಸದಾಶಿವಯ್ಯನವರು ನಗಲಿಲ್ಲ. ಅವಳು ದಯಾನಂದನ ಮೂರು ಹೂವನ್ನು ಎತ್ತಿ ಹಿಡಿದಳು. ಇಲ್ಲಿ ಕೊನೆಯ ಹೂವು ಬದಲಾದರೂ ಬಂದದ್ದು ಅದೇ ಲ್ಯೂಸಿನ್. ಮೂರನೆಯ ಜಾಗದಲ್ಲಿ ಬಹಳ ಸಲ ಹೀಗೇ, ತಪ್ಪು ತಪ್ಪಾಗಿಯೇ ಹೊರಬರುವುದಿಲ್ಲ.

"ಇನ್ನು ಕಾಂತೇಶನದು. ಹೆಸರು ಬದಲಾಯ್ತು, ನಿಜ. ಆದರೆ ಫಿನೈಲ್ ಅಲನಿನ್, ಲ್ಯೂಸಿನ್ ಎರಡೂ ನೀರು ಕಂಡ್ರೆ ದೂರ ಸರಿಯೋ ಜಾತಿಯವು. ಪ್ರೋಟೀನು ಮಡಚಿಕೊಳ್ಳುವಾಗ ಎರಡೂ ಒಳಗಡೆಗೇ ಹೋಗಿ ಕೂರ್ತವೆ. ಮನೇಲಿ ಅಣ್ಣ ಇಲ್ದಿದ್ರೆ ತೋಟಕ್ಕೆ ನೀರು ಬಿಡೋಕೆ ತಮ್ಮ ಹೋಗಲ್ವಾ? ಅಷ್ಟು ಚೆನ್ನಾಗಿ ಅಲ್ದಿದ್ರೂ ಕೆಲಸ ನಡೆಯುತ್ತೆ."

"ನಮ್ ತಮ್ಮ ಹೋದ್ರೆ ಪಕ್ಕದ್ ತೋಟಕ್ ಬುಟ್ ಬತ್ತಾನೆ ಮಿಸ್," ಎಂದ ಕಾಂತೇಶ್. ನಗು ನಿಂತ ಮೇಲೆ ಅವನೇ ಕೇಳಿದ, "ಅದೇ ಕನಕಾಂಬರ ಮಧ್ಯ ಬಂದಿದ್ರೆ?"

"ಮಧ್ಯದ್ದು ಹೋದ್ರೆ ಕಷ್ಟ. ಆಗ ನೀರಿನ ಜೊತೆ ಸೇರೋ ಬೇರೆ ಜಾತಿಯದು ಬರುತ್ತೆ. ಅಂಥ ಒಂದೇ ತಪ್ಪಿಂದ ರಕ್ತದ ಕಾಯಿಲೆ ಬಂದಿರೋದೂ ಉಂಟು. ಈ ಜೋಡಣೆ ಎಲ್ಲ ತಪ್ಪನ್ನೂ ತಡ್ಕೊಳ್ಳಲ್ಲ. ಸುಮಾರು ತಪ್ಪನ್ನ ತಡ್ಕೊಳ್ಳುತ್ತೆ."

ಶೃತಿ ಚಾರ್ಟನ್ನೇ ನೋಡುತ್ತಿದ್ದಳು. "ಹೂ ಕಟ್ಟೋರು ತಪ್ಪು ಮಾಡೇ ಮಾಡ್ತಾರೆ ಅಂತ ಮೊದ್ಲೇ ಗೊತ್ತಿದ್ದು ಜೋಡ್ಸಿದಂಗಿದೆ. ಹೆಂಗ್ ಮಿಸ್ ಹಿಂಗಾಯ್ತು?"

ತ್ರಿವೇಣಿ ಹಿಂದಿನ ಬೆಂಚಿನ ಕಡೆ ನೋಡಬಾರದೆಂದುಕೊಂಡೇ ನೋಡಿದಳು.

"ನಂಗೆ ಗೊತ್ತಿಲ್ಲ," ಎಂದಳು. "ತಪ್ಪು ತಡ್ಕೊಳ್ಳೋ ಜೋಡಣೆನೇ ಕೊನೇಗೆ ಉಳೀತು ಅಂತ ಕೆಲವರು. ಆಕಸ್ಮಿಕವಾಗಿ ಹಿಂಗಾಯ್ತು, ಆಮೇಲೆ ಬದಲಾಗಲಿಲ್ಲ ಅಂತ ಇನ್ ಕೆಲವರು. ತೀರಾ ಹಿಂದಿನ ಮಾತು. ಇನ್ನೂ ಹುಡುಕ್ತಾ ಇದಾರೆ."

ಬೆಲ್ಲು ಹೊಡೆಯಿತು. ಸದಾಶಿವಯ್ಯನವರು ಎದ್ದು ಮೇಜಿನ ಹತ್ತಿರ ಬಂದು, ಕನಕಾಂಬರದ ಮೇಲೆ ಬೆರಳಿಟ್ಟರು. "ಇಲ್ಲೇನಮ್ಮಾ ತಪ್ಪಿದ್ದು?"

"ಹೌದು ಸರ್. ಇಲ್ಲಿ, ಮತ್ತೆ ಅಲ್ಲಿ."

"ಇದಕ್ಕೆ ಒಂದು ಪೀರಿಯಡ್ ಸಾಲಲ್ಲ. ಬರೋ ವರ್ಷ ಎರಡು ಇಟ್ಕೊಳ್ಳಿ." ಬಾಗಿಲವರೆಗೆ ಹೋಗಿ ತಿರುಗಿದರು. "ನಿಮ್ಮತ್ತೆಯವರಿಗೆ ನಾನು ಕೇಳ್ದೆ ಅಂತ ಹೇಳಿ."

ಬರೋ ವರ್ಷ. ಅವಳು ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ತಿದ್ದುವಂಥದ್ದೇನೂ ಕಾಣಲಿಲ್ಲ.

ಹುಡುಗಿಯರು ಮೇಜಿನ ಸುತ್ತ ಬಂದು ನಿಂತಿದ್ದರು. "ಮುಡ್ಕೊಳ್ಳಾ ಮಿಸ್?" ಎಂದು ಶೃತಿ ಕೇಳಿದಳು. ತ್ರಿವೇಣಿ ಹೂಂ ಎಂದದ್ದೇ ತಡ, ಮಾಲೆ ತುಂಡು ತುಂಡಾಗಿ ಜಡೆಗಳನ್ನೇರಿತು. ಅವರು ಮಾತಾಡುತ್ತ ಕಾರಿಡಾರಿನ ಬಿಸಿಲಿನಲ್ಲಿ ನಡೆದು ಹೋದರು. ತಪ್ಪಿದ ಆ ಎರಡು ಹೂವು ಯಾರ ಯಾರ ಜಡೆಯಲ್ಲಿದ್ದವೋ, ಬಾಗಿಲಲ್ಲಿ ನಿಂತು ನೋಡಿದರೂ ಅವಳಿಗೆ ತಿಳಿಯಲಿಲ್ಲ.