ಆಲೂಗಡ್ಡೆ ಗೂಡಿನಲ್ಲಿಟ್ಟ ಬೆಗೋನಿಯಾ

ನರ್ಸರಿಯವನು ಬಡಕೊಂಡಿದ್ದ. "ಮನೆಯೊಳಗೆ ಇಡೋಕೆ ಎಲೆ ಬೆಗೋನಿಯಾ ತಗೊಳ್ಳಿ ಅಕ್ಕಾ, ವರ್ಷವೆಲ್ಲ ಹಸಿರಾಗಿರುತ್ತೆ. ಗೆಡ್ಡೆಯದು ಚಳಿಗೆ ಒಣಗಿ ಮಲಗಿಬಿಡುತ್ತೆ. ಗೆಡ್ಡೆ ಬೇರೆ ವಿಷ." ನಾನು ಕೇಳಿದರೆ ತಾನೇ? ಬಟ್ಟಲಗಲದ ಕೇಸರಿ ಹೂವಿಗೆ ಮರುಳಾಗಿ ಗೆಡ್ಡೆಯದನ್ನೇ ಹೊತ್ತು ತಂದೆ. ಬೇಸಿಗೆಯಿಡೀ ಕಿಟಕಿಯ ಬಳಿ ಅರಳಿತು. ಚಳಿಗೆ ಎಲೆ ಉದುರಿದ ಮೇಲೆ ಗೆಡ್ಡೆಗಳನ್ನು ಅಗೆದು, ಮಣ್ಣು ಒರೆಸಿ, ಕಾಗದದ ಚೀಲಕ್ಕೆ ಹಾಕಿದೆ. ನಮ್ಮ ಮನೆಯಲ್ಲಿ ತಂಪಾದ ಕತ್ತಲೆ ಜಾಗ ಒಂದೇ, ಅಡುಗೆಮನೆಯ ಆಲೂಗಡ್ಡೆ ಗೂಡು. ಅಲ್ಲಿಟ್ಟೆ. ಅತ್ತೆಗೆ ಹೇಳಲೇ ಇಲ್ಲ.

ಮೊನ್ನೆ ಸಂಜೆ ಟೈಲರಿಂಗ್ ಅಂಗಡಿ ಮುಚ್ಚಿ ಬಂದು ನೋಡಿದರೆ ಚೀಲ ಖಾಲಿ. ಒಲೆ ಮೇಲಿನ ಪಾತ್ರೆಯೂ ಖಾಲಿ. ಚೀಲ ಹಿಡಿದು ಅತ್ತೆಯ ಬಳಿ ಓಡಿದೆ.

"ಅತ್ತೆ, ಇದರಲ್ಲಿದ್ದ ಬೆಗೋನಿಯಾ ಗೆಡ್ಡೆ ಎಲ್ಲಿ?"

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೊರಗಿ ಕೂತಿದ್ದರು. ಉತ್ತರ ಕೊಟ್ಟವಳು ನನ್ನ ಪುಟ್ಟ ಮಗಳು. "ಅಜ್ಜಿ ಬೇಯಿಸಿದ್ರು. ನಾಲಿಗೆ ಚುರುಚುರು ಅಂತಿದೆ ಅಮ್ಮಾ."

ಅವಳ ಬಾಯಿ ತೆರೆಸಿ ನೋಡಿದೆ, ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದೆ. "ಎಷ್ಟು ತಿಂದೆ? ಹೇಳು ಕಂದಾ, ಎಷ್ಟು?"

"ಒಂದೇ ತುತ್ತು. ಉಗಿದುಬಿಟ್ಟೆ."

"ಉಳಿದಿದ್ದು?"

"ಅಜ್ಜಿ ತಿಂದ್ರು. ಚೆಲ್ಲಿದ್ರೆ ನಿಮ್ಮಮ್ಮ ಮನೆ ಹಾರಿಹೋಗೋ ಹಾಗೆ ಕೂಗಾಡ್ತಾಳೆ ಅಂದ್ರು."

ಅಯ್ಯೋ ದೇವರೇ! ಅತ್ತೆ ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಎಳೆದು ಸರಿಸಿದೆ. ತುಟಿ ದಪ್ಪಗೆ ಊದಿತ್ತು. ಏನಿಲ್ಲ ಎಂಬಂತೆ ತಲೆಯಾಡಿಸಿದರು. ಉಸಿರು ಗೊರಗೊರ ಎನ್ನುತ್ತಿತ್ತು.

ಟ್ಯಾಕ್ಸಿಯಲ್ಲಿ ಒಂದು ತೋಳಲ್ಲಿ ಮಗಳು, ಇನ್ನೊಂದರಲ್ಲಿ ಅತ್ತೆ. ಸಿಗ್ನಲ್ ಬಿದ್ದಾಗಲೆಲ್ಲ ನನ್ನ ಪ್ರಾಣವೇ ಹೋದಂತಾಗುತ್ತಿತ್ತು. "ಅತ್ತೆ, ಕಣ್ಣು ಮುಚ್ಚಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಮುಚ್ಚಬೇಡಿ!" ಅವರು ನನ್ನನ್ನೇ ನೋಡುತ್ತಿದ್ದರು, ಪಿಳಿಪಿಳಿ.

ಆಸ್ಪತ್ರೆಯಲ್ಲಿ ಮಗಳಿಗೆ ಏನೂ ಆಗಿಲ್ಲ ಎಂದರು. ಅತ್ತೆಗೆ ಇಂಜೆಕ್ಷನ್ ಚುಚ್ಚಿ, ಮೂಗಿಗೆ ಆಕ್ಸಿಜನ್ ಹಾಕಿದರು. "ಇನ್ನೊಂದು ಸ್ವಲ್ಪ ತಡ ಮಾಡಿದ್ರೆ ಗಂಟಲು ಪೂರ್ತಿ ಮುಚ್ಚಿಹೋಗ್ತಿತ್ತು," ಎಂದರು ಡಾಕ್ಟರು. ಊತ ಇಳಿಯುವವರೆಗೂ ಮಂಚದ ಕಂಬಿ ಹಿಡಿದು ನಿಂತೇ ಇದ್ದೆ. ಕೊನೆಗೆ ಅತ್ತೆಯ ತುಟಿ ಅಲುಗಿತು. ನೀರು ಕೇಳುತ್ತಾರೇನೋ ಎಂದು ಬಗ್ಗಿದೆ.

"ನಿನ್ನ ಹೂವಿನ ಗೆಡ್ಡೆ ಅಂತ ಗೊತ್ತಾಗ್ಲಿಲ್ಲ ಕಣಮ್ಮಾ," ಎಂದರು, ಒಡೆದ ದನಿಯಲ್ಲಿ. "ಬೈಬೇಡ."